ಪ್ಲಗ್ ಕೀಳುವ ಸಬೀಹಾ

ನಮ್ಮ ಓಣಿಯಲ್ಲಿ ಸಬೀಹಾ ಎಂಬ ಹೆಸರಿನವರು ಇಬ್ಬರಿದ್ದರು. ಒಬ್ಬಳು ರೊಟ್ಟಿ ಸುಡುವ ಸಬೀಹಾ, ಇನ್ನೊಬ್ಬಳು ಪ್ಲಗ್ ಕೀಳುವ ಸಬೀಹಾ. ಎರಡನೆಯವಳು ನನ್ನ ಪಕ್ಕದ ಮನೆಯವಳು. ನಮ್ಮಿಬ್ಬರ ಅಡುಗೆಮನೆಗಳಿಗೆ ನಡುವೆ ಒಂದೇ ಗೋಡೆ. ಅವಳು ಪ್ಲಗ್ ಕಿತ್ತ ಸದ್ದು ನನಗೆ ಕೇಳುತ್ತಿತ್ತು, ನಾನು ಗಂಡನಿಗೆ ಬೈದದ್ದು ಅವಳಿಗೆ ಕೇಳುತ್ತಿತ್ತು.

ಅವಳು ಹುಟ್ಟಿನಿಂದಲೇ ಹಾಗಿರಲಿಲ್ಲ. ಮದುವೆಯಾಗಿ ಬಂದಾಗ ನಮ್ಮೆಲ್ಲರ ಹಾಗೇ ಇದ್ದಳು. ಕರೆಂಟ್ ಹೋದರೆ ಸರ್ಕಾರಕ್ಕೆ ಶಾಪ, ಬಂದರೆ ಅದೇ ಸರ್ಕಾರಕ್ಕೆ ಇನ್ನೊಂದು ಶಾಪ. ಅವಳನ್ನು ಬದಲಿಸಿದ್ದು ಒಂದು ಫ್ರಿಜ್. ತವರಿನವರು ಕೊಟ್ಟ ಬಳೆಗಳನ್ನು ಮಾರಿ ತಂದ ಫ್ರಿಜ್ ಅದು. ಮಗಳು ಬುಶ್ರಾಳ ಕೆನ್ನೆಗಿಂತ ಹೆಚ್ಚಾಗಿ ಅದರ ಬಾಗಿಲನ್ನು ಒರೆಸುತ್ತಿದ್ದಳು.

ಒಂದು ಮಧ್ಯಾಹ್ನ ಕಂಬದ ಮೇಲೆ ಯಾವುದೋ ತಂತಿ ಸಡಿಲಾಗಿ, ಓಣಿಗೆಲ್ಲ ಎರಡು ಪಾಲು ಕರೆಂಟ್ ನುಗ್ಗಿತು. ಅವಳ ಗಂಡ ಖಲಫ್ ಆಗ ಫ್ಯಾನಿನ ಕೆಳಗೆ ಮಲಗಿದ್ದ. ಬಂದರಿನಲ್ಲಿ ಕ್ರೇನ್ ನಡೆಸಿ ದಣಿದ ಜೀವ. ಸದಾ ಕುಂಟುತ್ತಿದ್ದ ಫ್ಯಾನು ಒಮ್ಮೆಲೇ ಹಾರಿಹೋಗುವಂತೆ ತಿರುಗತೊಡಗಿದಾಗ ಅವನು ಕಣ್ಣು ಮುಚ್ಚಿಕೊಂಡೇ ನಕ್ಕನಂತೆ.

"ಸಬೀಹಾ, ಬಾರೇ ಇಲ್ಲಿ. ಇವತ್ತು ಸರ್ಕಾರಕ್ಕೆ ನಮ್ಮ ಮೇಲೆ ಪ್ರೀತಿ ಉಕ್ಕಿದೆ!"

ಸಬೀಹಾ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಟಪ್ ಎಂದಿತು. ಸುಟ್ಟ ವಾಸನೆ ಗೋಡೆ ದಾಟಿ ನನ್ನ ಮನೆಗೂ ಬಂತು. ರಿಪೇರಿಯವನು ಬಂದು ಫ್ರಿಜ್ಜಿನ ಹಿಂದೆ ಮೂಗಿಟ್ಟು ನೋಡಿ, "ಅಲ್ಲಾಹು ನಿಮಗೆ ತಾಳ್ಮೆ ಕೊಡಲಿ" ಎಂದ. ಸಾವಿನ ಮನೆಯಲ್ಲಿ ಹೇಳುವ ಮಾತು ಅದು. ಅವಳು ಅತ್ತದ್ದನ್ನು ನೋಡಿ ನಾವು ಹೆಂಗಸರೆಲ್ಲ ಸರದಿಯಂತೆ ಅವಳ ಮನೆಗೆ ಅನ್ನ, ಸಾರು ಕಳಿಸಿದೆವು.

ಹೊಸ ಫ್ರಿಜ್ ಬರಲು ಎರಡು ಬೇಸಿಗೆ ಹಿಡಿಯಿತು. ಅದರ ಜೊತೆಗೇ ಸಬೀಹಾಳ ಕಾನೂನೂ ಬಂತು. ಸರ್ಕಾರಿ ಕರೆಂಟ್ ಹೋದ ಕೂಡಲೇ ಮನೆಯ ಎಲ್ಲ ಪ್ಲಗ್ ಹೊರಗೆ. ಓಣಿಯವರೆಲ್ಲ ದುಡ್ಡು ಕೊಟ್ಟು ಹಂಚಿಕೊಳ್ಳುವ ಜನರೇಟರಿನ ಕರೆಂಟ್ ಬಂದರೆ ಫ್ಯಾನ್ ಮಾತ್ರ. ಮತ್ತೆ ಹುಡುಗರು ಬೀದಿಯಲ್ಲಿ "ಸರ್ಕಾರಿ ಬಂತು!" ಎಂದು ಕೂಗಿದರೆ ಯಾರೂ ಏನೂ ಮುಟ್ಟಬಾರದು. ಅಡುಗೆಮನೆಯ ಬಲ್ಬ್ ಒಂದನ್ನು ಹಾಕಿ ಅದರ ಮುಖ ನೋಡಬೇಕು. ಹಳದಿಯಾಗಿ ಉರಿದರೆ ಕರೆಂಟಿಗೆ ಶಕ್ತಿಯಿಲ್ಲ, ಬೆಳ್ಳಗೆ ಉರಿದರೆ ಅದಕ್ಕೆ ಹುಚ್ಚು ಹಿಡಿದಿದೆ. ಬಲ್ಬ್ ಸಮಾಧಾನವಾದ ಮೇಲೂ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಕಾಯಬೇಕು. ಆಮೇಲೆಯೇ ಫ್ರಿಜ್.

"ಈಗ ತಾನೇ ಓಡಿ ನಿಂತಿರೋ ಕತ್ತೇನ ಮತ್ತೆ ಎಬ್ಬಿಸಿ ಹೊಡೆದ್ರೆ ಅದು ಸಾಯಲ್ವಾ?" ಎನ್ನುತ್ತಿದ್ದಳು. "ಫ್ರಿಜ್ಜಿಗೂ ಉಸಿರು ತಗೊಳ್ಳೋಕೆ ಬಿಡ್ರೀ."

ಖಲಫ್ ನನ್ನ ಗಂಡನ ಹತ್ತಿರ ಗೋಳು ತೋಡಿಕೊಳ್ಳುತ್ತಿದ್ದ. "ನನ್ನ ಬಿ.ಪಿ. ಏರಿದ್ರೆ ಇವಳಿಗೆ ಗೊತ್ತಾಗಲ್ಲಪ್ಪಾ. ಕರೆಂಟ್ ಏರಿದ್ರೆ ನಿದ್ದೇಲೂ ಗೊತ್ತಾಗುತ್ತೆ."

ಹೀಗೇ ವರ್ಷಗಳು ಕಳೆದವು. ಬುಶ್ರಾ ಓದಿ, ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆದಳು. ಚೆಲುವೆ, ಮಾತು ಕಡಿಮೆ, ಕೋಪ ಹೆಚ್ಚು. ಹೆಣ್ಣು ನೋಡಲು ಮೊದಲು ಬಂದದ್ದು ಅಶಾರ್ ಪೇಟೆಯ ಬಟ್ಟೆ ವ್ಯಾಪಾರಿಯ ಮನೆಯ ಹೆಂಗಸರು. ನಮ್ಮಲ್ಲಿ ಬೇಸಿಗೆ ನೆತ್ತಿ ಸುಡುವ ಆಗಸ್ಟ್ ತಿಂಗಳು, ಸಮುದ್ರದ ಕಡೆಯಿಂದ ಬರುವ ಜಿಗುಟು ಗಾಳಿ. ಅವರು ಕೂತು ಶರಬತ್ತು ಕುಡಿಯುತ್ತಿರುವಾಗಲೇ ಬಲ್ಬ್ ಮಿಣುಕಿತು. ಸಬೀಹಾ ಎದ್ದು ಹೋಗಿ ಕೂಲರಿನ ಪ್ಲಗ್ ಕಿತ್ತು, ನಗುನಗುತ್ತಾ ಬಂದು ಕೂತಳು. ಬೆವರು ಇಳಿದು ಹುಡುಗನ ತಾಯಿಯ ಕಣ್ಣಿನ ಕಾಡಿಗೆ ಗಲ್ಲಕ್ಕೆ ಬಂತು. "ಎದ್ದು ಹೋಗಿ ಅಂತ ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ? ಗಾಳಿ ನಿಲ್ಲಿಸಬೇಕಿತ್ತಾ?" ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಒಂದು ವರ್ಷ ಆ ಬಾಗಿಲನ್ನು ಯಾರೂ ತಟ್ಟಲಿಲ್ಲ.

ಹಾಗಾಗಿ ಫಖ್ರಿಯಾ ಎಂಬವಳು ತನ್ನ ಮಗ ಮುಹನ್ನದನಿಗೆ ಹೆಣ್ಣು ಕೇಳಲು ಬರುತ್ತಾಳೆಂದು ಗೊತ್ತಾದ ದಿನ ಬುಶ್ರಾ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯುಮ್ಮಾ, ಇವತ್ತು ನೀನು ಒಂದೇ ಒಂದು ಪ್ಲಗ್ ಮುಟ್ಟಿದ್ರೆ, ನಾನು ಈ ಜನ್ಮದಲ್ಲಿ ಮದುವೆ ಆಗಲ್ಲ. ನಿನ್ನ ಫ್ರಿಜ್ ಜೊತೆ ನೀನೇ ಇರು."

"ಅಯ್ಯೋ ನನ್ನ ಕಣ್ಣೇ, ಮುಟ್ಟಲ್ಲ ಕಣೇ. ಹಜ್ರತ್ ಅಬ್ಬಾಸರ ಆಣೆ!"

ಬುಶ್ರಾ ಆ ಆಣೆಯನ್ನು ನಂಬಲಿಲ್ಲ. ನನ್ನನ್ನು ಕರೆದು, "ಖಾಲಾ, ನೀವು ಅಮ್ಮನ ಪಕ್ಕದಲ್ಲೇ ಕೂತ್ಕೊಳ್ಳಿ. ಅವರ ಶಾಲು ಗಟ್ಟಿಯಾಗಿ ಹಿಡ್ಕೊಳ್ಳಿ. ಎದ್ರೆ ಎಳೀರಿ" ಎಂದಳು. ಖಲಫ್‌ನನ್ನು ಕಾಫಿ ಅಂಗಡಿಗೆ ಅಟ್ಟಲಾಯಿತು. ಅವನು ಎರಡು ಸಲ ಹೇಳಿಸಿಕೊಳ್ಳಲಿಲ್ಲ.

ಫಖ್ರಿಯಾ ದಪ್ಪ ಹೆಂಗಸು. ತಂಗಿಯ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಬಂದು, ಸೋಫಾದಲ್ಲಿ ಕೂತ ಮೇಲೆ ಉಸಿರು ಹಿಡಿಯಲು ಬಹಳ ಹೊತ್ತು ಬೇಕಾಯಿತು. ತಣ್ಣೀರು ಬಂತು, ಖರ್ಜೂರ ತುಂಬಿದ ಕ್ಲೀಚಾ ಬಿಸ್ಕತ್ತು ಬಂತು. ಬುಶ್ರಾ ತಟ್ಟೆ ಹಿಡಿದು ಬಂದಾಗ ಫಖ್ರಿಯಾ ಅವಳನ್ನು ಮೇಲಿಂದ ಕೆಳಗೆ ನೋಡಿ, "ಮಾಶಾ ಅಲ್ಲಾಹ್" ಎಂದು ಎರಡು ಕ್ಲೀಚಾ ಎತ್ತಿಕೊಂಡಳು. ಎಲ್ಲ ಸುಸೂತ್ರ.

ಅಷ್ಟರಲ್ಲಿ ಕರೆಂಟ್ ಹೋಯಿತು.

ಸಬೀಹಾಳ ಬಲಗಾಲು ತಾನಾಗಿಯೇ ಮುಂದೆ ಸರಿಯಿತು. ನಾನು ಶಾಲು ಎಳೆದೆ. ಕಾಲು ಹಿಂದೆ ಬಂತು. ಫಖ್ರಿಯಾ ಏನೂ ಆಗದವಳಂತೆ ಮಗನ ಗುಣಗಾನ ಮುಂದುವರಿಸಿದಳು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಕೂಗೆದ್ದಿತು: "ಸರ್ಕಾರಿ ಬಂತು!" ನಮ್ಮ ತಲೆಯ ಮೇಲಿನ ಬಲ್ಬ್ ಹಳದಿಯಾಯಿತು, ಆರಿತು, ಮತ್ತೆ ಹೊತ್ತಿತು. ಆಮೇಲೆ ನಿಧಾನವಾಗಿ ಬೆಳ್ಳಗಾಗತೊಡಗಿತು. ಕೂಲರ್ ಗೊರಗೊರ ಎಂದಿತು. ಸಬೀಹಾ ಮಗಳನ್ನು ನೋಡಿದಳು, ಬೇಡುವ ಕಣ್ಣು. ಬುಶ್ರಾ ಹುಬ್ಬು ಗಂಟಿಕ್ಕಿದಳು. ಸಬೀಹಾ ತುಟಿಯೊಳಗೇ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು.

"ನನ್ನ ಮಗ ಸಿಗರೇಟ್ ಸೇದಲ್ಲ, ಯಾರ ತಂಟೆಗೂ ಹೋಗಲ್ಲ, ತಾಯಿ ಮಾತು ಅಂದ್ರೆ..." ಎನ್ನುತ್ತಿದ್ದ ಫಖ್ರಿಯಾ ತಟ್ಟನೆ ನಿಂತಳು. ಬಲ್ಬ್ ಕಡೆ ತಲೆಯೆತ್ತಿದಳು. "ಇದು ಸರಿಯಿಲ್ಲ."

"ಏನು ಸರಿಯಿಲ್ಲ, ಅಕ್ಕಾ?" ಎಂದಳು ಅವಳ ತಂಗಿ.

"ಫ್ರಿಜ್ ಎಲ್ಲಿ? ಹೇಳ್ರೇ, ಈ ಮನೇಲಿ ಫ್ರಿಜ್ ಎಲ್ಲಿದೆ?"

ಮೆಟ್ಟಿಲು ಹತ್ತಲಾರದ ಹೆಂಗಸು ಚಪ್ಪಲಿ ಮೆಟ್ಟದೆ ಅಡುಗೆಮನೆಗೆ ಓಡಿದಳು. ಮರುಕ್ಷಣ ನನ್ನ ಕೈಯಲ್ಲಿ ಬರೀ ಶಾಲು ಉಳಿದಿತ್ತು. ಸಬೀಹಾ ಹೋಗಿಯೇಬಿಟ್ಟಿದ್ದಳು. ಒಳಗೆ ತಲೆಗೆ ತಲೆ ಢಿಕ್ಕಿ ಹೊಡೆದ ಸದ್ದು.

"ಕಿತ್ತೆ!"

"ಟಿವಿ? ಟಿವಿ ಯಾರು ನೋಡಿದ್ರು?"

"ನಾನು ನೋಡ್ತೀನಿ, ನೀವು ಕೂಲರ್ ನೋಡಿ!"

"ಅಲ್ಲಮ್ಮಾ, ಈ ಮನೇಲಿ ಸ್ಟೆಬಿಲೈಜರ್ ಇಲ್ವಾ?"

"ಇದೆ. ಹೊಸದು. ಹಾಳಾಗಬಾರದು ಅಂತ ಬೀರುವಲ್ಲಿ ಇಟ್ಟಿದ್ದೀನಿ."

ಫಖ್ರಿಯಾಳ ದನಿ ಏರಿತು. "ತಂಗೀ, ಅದು ಇರೋದೇ ನಮ್ಮ ಬದಲು ಪೆಟ್ಟು ತಿನ್ನೋಕೆ. ಗಂಡನ್ನ ಬೀರುವಲ್ಲಿಟ್ಟು ಕಳ್ಳನ್ನ ನೀವೇ ಹಿಡೀತೀರಾ?"

ಮಾತು ಮುಗಿಯುವುದರೊಳಗೆ ನಮ್ಮ ತಲೆಯ ಮೇಲಿನ ಬಲ್ಬ್ ಸಿಡಿದು ಚೂರಾಯಿತು. ಒಳಗಿನಿಂದ ಇಬ್ಬರೂ "ಅಲ್ ಹಮ್ದುಲಿಲ್ಲಾಹ್" ಎಂದು ಒಟ್ಟಿಗೆ ಹೇಳಿದರು.

ಆಗ ನನಗೆ ಹೊಳೆಯಿತು, ನನ್ನ ಮನೆಯ ಟಿವಿ! ಶಾಲು ಹಿಡಿದುಕೊಂಡೇ ಓಡಿದೆ. ಟಿವಿಯ ಹಿಂದಿನಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ನನ್ನ ಗಂಡ ಎದುರಿಗೇ ಕೂತು, "ಇದೇನೇ, ಇವತ್ತು ವಾರ್ತೆ ಓದೋಳು ಕಪ್ಪಗಾದಳು" ಎಂದ.

ನಾನು ಬೈಗುಳ ಮುಗಿಸಿ ಮರಳಿ ಬಂದಾಗ ಇಬ್ಬರು ತಾಯಂದಿರೂ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಹಣೆಯ ಮೇಲೆ ಒಂದೇ ಅಳತೆಯ ಎರಡು ಬುಗುಟು. ಫಖ್ರಿಯಾ ತನ್ನ ಸತ್ತ ವಾಷಿಂಗ್ ಮೆಷಿನ್‌ನ ಕಥೆ ಹೇಳುತ್ತಿದ್ದಳು, ಸಬೀಹಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಬುಶ್ರಾ ಬಾಗಿಲಲ್ಲಿ ನಿಂತಿದ್ದಳು, ಕೋಪಕ್ಕೆ ಮೂಗು ಕೆಂಪು.

"ಬಾ ಮಗಳೇ" ಎಂದಳು ಫಖ್ರಿಯಾ. "ಒಂದು ಮಾತು ಕೇಳ್ತೀನಿ. ಕರೆಂಟ್ ಬಂದ ಮೇಲೆ ಫ್ರಿಜ್ ಯಾವಾಗ ಹಾಕ್ಬೇಕು?"

ಬುಶ್ರಾ ಯೋಚಿಸಲೇ ಇಲ್ಲ. "ಒಂದು ಲೋಟ ಚಹಾ ಕುಡಿದು ಮುಗಿಸಿದ ಮೇಲೆ" ಎಂದು ಸಿಡುಕಿದಳು.

ಫಖ್ರಿಯಾ ನಾಲಿಗೆ ಆಡಿಸಿ, ಮದುವೆಮನೆಯಲ್ಲಿ ಹಾಕುವ ಉಲುಲು ಕೂಗು ಹಾಕಿದ ರಭಸಕ್ಕೆ ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು. "ನನ್ನ ಮಗನಲ್ಲಿ ಇರೋದು ಒಂದೇ ದೋಷ ಕಣಮ್ಮಾ, ಯಾವುದನ್ನೂ ಆಫ್ ಮಾಡಲ್ಲ. ಇಂಥಾ ಹುಡುಗಿನೇ ಬೇಕಿತ್ತು."

ಗಂಡಸರು ಕೂತು ಮಾತು ಮುಗಿಸುವ ದಿನ, ಮದುವೆಯ ಒಪ್ಪಂದ ಬರೆಯುತ್ತಿದ್ದ ಧರ್ಮಗುರು ಸಯ್ಯಿದ್ ಲೇಖನಿ ನಿಲ್ಲಿಸಿ, ಹೆಂಗಸರಿದ್ದ ಪರದೆಯ ಕಡೆ ತಿರುಗಿ ಕೇಳಿದರು: "ಹುಡುಗ ಕೊಡೋ ಮಹರಿನಲ್ಲಿ ಹುಡುಗಿ ಕಡೆಯವರು ಬೇರೆ ಏನಾದ್ರೂ ಕೇಳೋದಿದೆಯಾ?"

"ಮನೆಗೆಲ್ಲ ಆಗೋ ದೊಡ್ಡ ಸ್ಟೆಬಿಲೈಜರ್, ಸಯ್ಯಿದ್" ಎಂದಳು ಸಬೀಹಾ.

"ನಾನು ಬಂಗಾರ ಬರ್ದಿದ್ದೀನಿ, ಮಂಚ ಬರ್ದಿದ್ದೀನಿ, ಒಮ್ಮೆ ಎಮ್ಮೆ ಕೂಡ ಬರ್ದಿದ್ದೀನಿ. ಇದನ್ನ ಬರ್ದಿಲ್ಲವಲ್ಲ ತಾಯಿ!"

"ಬರೀರಿ. ಬಂಗಾರ ಸುಟ್ಟುಹೋಗಲ್ಲ, ಫ್ರಿಜ್ ಸುಟ್ಟುಹೋಗುತ್ತೆ."

"ಬರೀರಿ ಸಯ್ಯಿದ್" ಎಂದಳು ಫಖ್ರಿಯಾ ಕೂಡ. ಪರದೆಯ ಸಂದಿಯಿಂದ ಇಣುಕಿದೆ. ಖಲಫ್ ತಲೆ ತಗ್ಗಿಸಿ ಕೂತಿದ್ದ, ನಗುತ್ತಿದ್ದನೋ ಅಳುತ್ತಿದ್ದನೋ ಗೊತ್ತಾಗಲಿಲ್ಲ.

ಮದುವೆ ಆಯಿತು. ಬರೆಸಿದ ಸ್ಟೆಬಿಲೈಜರ್ ಬಂದಿದ್ದರೂ ನಂಬಿಕೆ ಸಾಲದೆ, ಸ್ವಲ್ಪ ದಿನ ಇಬ್ಬರು ತಾಯಂದಿರೂ ಫೋನಿನಲ್ಲೇ, ಬೇರೆ ಮನೆ ಮಾಡಿದ್ದ ಬುಶ್ರಾಳ ಫ್ರಿಜ್ ಕಾಯುತ್ತಿದ್ದರು. ಬುಶ್ರಾ ಇಬ್ಬರಿಗೂ "ಪ್ಲಗ್ ತೆಗ್ದೆ, ತೆಗ್ದೆ" ಎನ್ನುತ್ತಿದ್ದಳು. ಒಂದು ದಿನ ಸಬೀಹಾ ಅಲ್ಲಿಗೆ ಹೋಗಿದ್ದಾಗ ಕರೆಂಟ್ ಹೋಗಿ ಬಂತು. ಅವಳು ಓಡಿ ನೋಡಿದರೆ, ಗೋಡೆಗೆ ಸಿಕ್ಕಿಸಿದ ಅಂಗೈಯಗಲದ ಡಬ್ಬಿಯಲ್ಲಿ ಕೆಂಪು ದೀಪ. ಕರೆಂಟ್ ಕುಣಿದಾಡಿ ತೆಪ್ಪಗಾಗುವ ತನಕ ಅದು ಕಾದಿತು. ಆಮೇಲೆ ಹಸಿರು ದೀಪ ಬಂದು, ಫ್ರಿಜ್ ತಾನಾಗಿ ಮೆಲ್ಲಗೆ ಗುನುಗಿತು.

"ಇದು ಯಾವಾಗ ಹಾಕ್ಸಿದೆ?"

"ಮದುವೆಯಾದ ವಾರವೇ, ಯುಮ್ಮಾ. ಹೇಳಿದ್ರೆ ನಿಮಗಿಬ್ಬರಿಗೂ ಬೇಜಾರಾಗುತ್ತೆ ಅಂತ..."

ಸಬೀಹಾ ಅಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳಂತೆ. ತನ್ನ ಕೈಗಳನ್ನೇ ನೋಡಿಕೊಂಡು, "ಹಾಗಾದ್ರೆ ಇಷ್ಟು ವರ್ಷ ನಾನು ಓಡಾಡಿದ್ದು?" ಎಂದಳಂತೆ. ಬುಶ್ರಾಗೆ ಕೋಪವೆಲ್ಲ ಇಳಿದುಹೋಯಿತು. "ನೀನು ಓಡಾಡಿದ್ದಕ್ಕೇ ನಮ್ಮನೇಲಿ ನನಗೆ ಯಾವಾಗ್ಲೂ ತಣ್ಣೀರು ಸಿಗ್ತಿತ್ತು" ಎಂದು ತಾಯಿಯನ್ನು ತಬ್ಬಿಕೊಂಡಳಂತೆ. ಇದನ್ನು ನನಗೆ ಹೇಳುವಾಗ ಸಬೀಹಾ ನಕ್ಕಳು.

ಅಂಥದೇ ಒಂದು ಡಬ್ಬಿ ಈಗ ಅವಳ ಮನೆಗೂ ಬಂದಿದೆ. ಗೋಡೆಯಾಚೆ ಸದ್ದಿಲ್ಲ, ಯಾಕೆಂದರೆ ಅವಳು ಮನೆಯಲ್ಲೇ ಇಲ್ಲ. ಬುಶ್ರಾಗೆ ಹೆರಿಗೆಯಾಗಿದೆ. ಸಬೀಹಾ ಬಾಣಂತನಕ್ಕೆಂದು ಹೋಗಿ ಅಲ್ಲೇ ಇದ್ದಾಳೆ, ಫಖ್ರಿಯಾ ಕೂಡ. ನಿನ್ನೆ ಫೋನ್ ಮಾಡಿದ್ದೆ. ಮಗುವನ್ನು ಬಿಗಿಯಾಗಿ ಸುತ್ತಬೇಕೋ ಸಡಿಲವಾಗಿ ಸುತ್ತಬೇಕೋ ಎಂದು ಇಬ್ಬರೂ ಜಗಳಕ್ಕೆ ಬಿದ್ದಿದ್ದರು. ನನ್ನ ಅಭಿಪ್ರಾಯ ಕೇಳಿದರು. ನಾನು ಲೈನ್ ಸರಿಯಿಲ್ಲ ಎಂದು ಫೋನ್ ಇಟ್ಟೆ.