ಜಾಕೆಟ್ಟಿನ ಗುಂಡಿ ಎಡಕ್ಕಿದೆ

ಇದನ್ನು ಹೇಳದೇ ಬಿಡೋಣ ಎಂದಿದ್ದೆ, ಗೆಳೆಯರೇ. ನನ್ನ ಮೆಚ್ಚಿನ ಪಾಪ್ ಗಾಯಕಿ ನಾಲ್ಕೂ ಆಲ್ಬಮ್‌ಗಳ ಮುಖಪುಟದಲ್ಲಿ ಒಂದೇ ದೊಗಳೆ ಜೀನ್ಸ್ ಜಾಕೆಟ್ ತೊಟ್ಟಿದ್ದಾಳೆ. ಅದು ಬಿಟ್ಟುಹೋದ ಪ್ರಿಯಕರನದು, ಹಾಡುಗಳೆಲ್ಲ ಅವನಿಗಾಗಿ ಕಾದ ಕಥೆ ಎಂದು ನಾನು ಬರೆದದ್ದನ್ನು ನೀವೆಲ್ಲ ಹಂಚಿಕೊಂಡಿರಿ. ಇಂದು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಶಮೀಮಾಗೆ ಆ ಚಿತ್ರ ತೋರಿಸಿ, "ಮಗಳಿಗೆ ಇಂಥಾದ್ದ ಗಂಡಸರ ಜಾಕೆಟ್ ಹೊಲಿದು ಕೊಡು" ಎಂದೆ.

"ಅಕ್ಕಾ, ಇದು ಗಂಡಸರದಲ್ರಿ. ಗುಂಡಿ ಎಡಕ್ಕ ಅದಾವ ನೋಡ್ರಿ, ಹೆಣ್ಮಕ್ಕಳದು."

"ಮತ್ತ ಆಕಿಗೆ ಯಾರು ಕೊಟ್ಟಿದ್ದು?"

"ಯಾರ್ಯಾಕ ಕೊಡಬೇಕ್ರಿ? ತಾನ ತಗೊಂಡಿರ್ತಾಳ."

ಮನೆಗೆ ಬಂದು ಹಾಡುಗಳನ್ನು ಮತ್ತೆ ಕೇಳಿದೆ. ಆ ಗಂಡಸು ಎಲ್ಲೂ ಇರಲಿಲ್ಲ. ಅವನನ್ನು ತಂದು ಸೇರಿಸಿದವಳು ನಾನು. ಹಳೆಯ ಬರಹಕ್ಕೆ ಲೈಕ್ ಹಾಕಿದವರು ಬೇಕಾದರೆ ವಾಪಸ್ ತೆಗೆದುಕೊಳ್ಳಿ. ತಿದ್ದುಪಡಿ ಹಾಕುತ್ತಿರುವುದು ಇಂದೇ, ಜುಲೈ ಹದಿಮೂರು, ಭಾನುವಾರ.