ಏನೂ ಉಳಿದಿರಲಿಲ್ಲ, ಸ್ವಾಮಿ

ಭುವನೇಶ್ವರಿಯ ಕೈಗೆ ಒಂದು ಸೌಟು ಕೊಟ್ಟು ಸಾರಿನ ಪಾತ್ರೆಯ ಮುಂದೆ ನಿಲ್ಲಿಸಿದರೆ, ಒಳಗೆ ಇಣುಕದೆಯೇ ಇನ್ನೆಷ್ಟು ಜನಕ್ಕೆ ಸಾಲುತ್ತದೆಂದು ಹೇಳಿಬಿಡುತ್ತಾಳೆ. ಸೌಟು ತಳಕ್ಕೆ ತಾಗುವ ಸದ್ದೇ ಅವಳಿಗೆ ಸಾಕು. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಮದುವೆಯಾದ ಮೂವತ್ತೊಂಬತ್ತು ವರ್ಷವೂ ಮನೆಯವರೆಲ್ಲ ಉಂಡೆದ್ದ ಮೇಲೆ ಉಂಡ ಹೆಂಗಸಿಗೆ ತಾನಾಗಿ ಬರುವ ವಿದ್ಯೆ ಇದು. ನಂಬಿಕೆಯಾಗದಿದ್ದರೆ ನಿಮ್ಮ ತಾಯಿಯನ್ನೇ ಕೇಳಿ ನೋಡಿ.

ವಿಜಯಪುರದ ಈ ಹೆಣ್ಣುಮಗಳು ಇಂಗ್ಲಿಷರ ನಾಡಿನ ಹೌನ್ಸ್ಲೋಗೆ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಗಂಡ ಜಗದೇವಪ್ಪ ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದ. ಅವಳು ಅದೇ ನಿಲ್ದಾಣದ ಪಕ್ಕ, ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದಳು. ಅಲ್ಲಿ ಎಲ್ಲಕ್ಕೂ ನಿಯಮ. ಇಬ್ಬರು ಪೈಲಟ್‌ಗಳಿಗೆ ಒಂದೇ ಊಟ ಕೊಡುವಂತಿಲ್ಲ. ಒಬ್ಬನ ಹೊಟ್ಟೆ ಕೆಟ್ಟರೆ ಇನ್ನೊಬ್ಬನಾದರೂ ವಿಮಾನ ಇಳಿಸಬೇಕಲ್ಲ. ಮಾಡಿದ ಪ್ರತಿಯೊಂದು ಅಡುಗೆಯಲ್ಲೂ ಒಂದು ಡಬ್ಬಿ ತೆಗೆದು, ತಾರೀಕಿನ ಚೀಟಿ ಅಂಟಿಸಿ, ಫ್ರಿಜ್‌ನಲ್ಲಿ ಇಡಬೇಕು. ನಾಳೆ ಯಾರಾದರೂ ವಾಂತಿ ಮಾಡಿಕೊಂಡರೆ ಯಾರು ಏನು ತಿಂದಿದ್ದರು ಎಂಬುದಕ್ಕೆ ದಾಖಲೆ ಬೇಕು. ಸಾವಿರಾರು ಅಪರಿಚಿತರು ಉಂಡದ್ದಕ್ಕೆ ಅವಳು ಸಹಿ ಹಾಕಿದಳು. ತನ್ನ ಮನೆಯಲ್ಲಿ ತಾನು ಏನು ಉಂಡಳೆಂದು ಮಾತ್ರ ಯಾರೂ ಎಲ್ಲೂ ಬರೆದಿಡಲಿಲ್ಲ.

ಮೊಣಕಾಲು ನೋವಿನಿಂದ ಕೆಲಸ ಬಿಟ್ಟ ಮೇಲೆ ಅವಳಿಗೆ ಕೊಲೆಗಳ ಹುಚ್ಚು ಹಿಡಿಯಿತು. ಹಿಡಿಸಿದವಳು ಮಗಳು ತನ್ಮಯಿ. ಇಪ್ಪತ್ತೇಳರ ಈ ಹುಡುಗಿ ಕಾರು ಓಡಿಸುವಾಗಲೂ, ಬಟ್ಟೆ ಮಡಚುವಾಗಲೂ ಹಳೆಯ ಕೊಲೆ ಪ್ರಕರಣಗಳ ಪಾಡ್‌ಕಾಸ್ಟ್ ಹಚ್ಚಿಕೊಂಡಿರುತ್ತಾಳೆ. ಭುವನೇಶ್ವರಿ ಒಂದು ತಿಂಗಳು ಸುಮ್ಮನೆ ಕೇಳಿದಳು. ಆಮೇಲೆ ತಡೆಯಲಾಗಲಿಲ್ಲ.

"ಎಲ್ಲಾ ಸತ್ತ ಹೆಣ್ಮಕ್ಕಳ ಕಥಿನ ಐತಲ್ಲವಾ ಇದರಾಗ. ಒಬ್ಬಾಕಿಯರ ತಾನ ಎದ್ದು ಮಾತಾಡತಾಳೇನು?"

"ಮಮ್ಮೀ, ದೇ ಆರ್ ಡೆಡ್. ದಟ್ಸ್ ದ ಪಾಯಿಂಟ್," ಎಂದಳು ತನ್ಮಯಿ. ನಂತರ ಏನನ್ನಿಸಿತೋ, ಅವ್ವನನ್ನು ಕರೆದುಕೊಂಡು ಹೋಗಿ ಲೈಬ್ರರಿಯ ಸ್ಥಳೀಯ ಇತಿಹಾಸದ ಗುಂಪಿಗೆ ಸೇರಿಸಿ ಬಂದಳು. ಅಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ಬೀದಿಯ ಹಳೆಯ ಸುದ್ದಿ ಹುಡುಕಬೇಕು. ಹಳೆಯ ಪತ್ರಿಕೆಗಳೆಲ್ಲ ಕಂಪ್ಯೂಟರಿನಲ್ಲಿದ್ದವು. ಭುವನೇಶ್ವರಿ ತನ್ನ ಬೀದಿಯ ಹೆಸರು ಒತ್ತಿದಳು. ವಿನಿಫ್ರೆಡ್ ಪಾರ್ಸ್‌ಲೋ ಸಿಕ್ಕಿದ್ದು ಹಾಗೆ.

1926ರಲ್ಲಿ ವಿನಿಫ್ರೆಡ್‌ಗೆ ಇಪ್ಪತ್ತನಾಲ್ಕು. ಭುವನೇಶ್ವರಿಯ ಮನೆಯಿಂದ ಒಂಬತ್ತು ಬಾಗಿಲು ಆಚೆ ಗಂಡ, ಮಾವ, ಒಬ್ಬ ಮೈದುನ, ಈ ಮೂವರ ಜೊತೆ ಇದ್ದಳು. ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಮೊಣಕಾಲಿನವರೆಗಿನ ಫ್ರಾಕು, ರೇಷ್ಮೆಯ ಕಾಲುಚೀಲ, ಕೈಚೀಲದಲ್ಲಿ ಲಿಪ್‌ಸ್ಟಿಕ್. ಶನಿವಾರ ಗೆಳತಿಯರ ಜೊತೆ ಹ್ಯಾಮರ್ಸ್ಮಿತ್‌ಗೆ ಹೋಗಿ ಕುಣಿದು ಬರುತ್ತಿದ್ದಳು. ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ಮದುವೆಯಾದವರನ್ನು ಅಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲವೆಂದು ದಿನಾ ಬಸ್ಸಿನಲ್ಲಿ ಉಂಗುರ ಕಳಚಿ ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು. ಸಂಜೆ ಬಂದು ಉಂಗುರ ಹಾಕಿಕೊಂಡು ಮೂವರು ಗಂಡಸರಿಗೆ ಅಡುಗೆ ಮಾಡುತ್ತಿದ್ದಳು. ಪೇಟೆಯ ಪತ್ರಿಕೆಗಳಿಗೆ ಆ ಕುಣಿತ ಕಂಡಿತು, ಈ ಒಲೆ ಕಾಣಲಿಲ್ಲ.

ಒಂದು ನವೆಂಬರ್ ಸಂಜೆ ಅವಳು ಮಾಡಿದ ಮೊಲದ ಸಾರು ಉಂಡು ಮೂವರೂ ಹಾಸಿಗೆ ಹಿಡಿದರು. ಗಂಡ ಮೂರನೆಯ ದಿನ ಸತ್ತ. ಇನ್ನಿಬ್ಬರು ಬದುಕಿದರು. ಪಾತ್ರೆಯಲ್ಲಿ ಕಳೆನಾಶಕದ ವಿಷ ಸಿಕ್ಕಿತು, ಹಿತ್ತಿಲ ಶೆಡ್ಡಿನಲ್ಲಿ ಅದರ ಡಬ್ಬಿಯೂ ಸಿಕ್ಕಿತು. ಆ ಶೆಡ್ಡಿಗೆ ಮನೆಯ ನಾಲ್ವರೂ ಹೋಗಿಬರುತ್ತಿದ್ದರು. ಆದರೆ ಆ ಸಾರು ಉಣ್ಣದೆ ಉಳಿದವಳು ಒಬ್ಬಳೇ. ಸರಕಾರಿ ವಕೀಲರು ಹಿಡಿದದ್ದು ಇದೊಂದೇ ಎಳೆ. ನೀನೇಕೆ ಉಣ್ಣಲಿಲ್ಲ ಎಂದು ಅವರು ಕೇಳಿದಾಗ ವಿನಿಫ್ರೆಡ್ ಕೊಟ್ಟ ಉತ್ತರವನ್ನು ಪತ್ರಿಕೆ ಹಾಗೆಯೇ ಅಚ್ಚು ಹಾಕಿತ್ತು.

"ಏನೂ ಉಳಿದಿರಲಿಲ್ಲ, ಸ್ವಾಮಿ."

ನ್ಯಾಯಾಲಯದಲ್ಲಿ ನಗು, ಎಂದು ಅದರ ಕೆಳಗೆ ಬರೆದಿತ್ತು. ರೇಷ್ಮೆಯ ಕಾಲುಚೀಲಕ್ಕೆ ಗತಿಯಿದ್ದವಳ ಮನೆಯಲ್ಲಿ ಒಂದು ಬಟ್ಟಲು ಸಾರಿಗೆ ಗತಿಯಿರಲಿಲ್ಲವೇ ಎಂದು ವಕೀಲರು ಕೇಳಿದರು. ಮತ್ತೆ ನಗು. ಗಲ್ಲುಶಿಕ್ಷೆಯಾಯಿತು, ಆಮೇಲೆ ಅದು ಜೀವಾವಧಿಗೆ ಇಳಿಯಿತು. ಏಳು ವರ್ಷಕ್ಕೆ ಅವಳು ಸೆರೆಮನೆಯಲ್ಲೇ ನ್ಯುಮೋನಿಯಾದಿಂದ ಸತ್ತಳು.

ಭುವನೇಶ್ವರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳಿಗೆ ನಗು ಬರಲಿಲ್ಲ. ಸಿಟ್ಟು ಬಂತು, ಅದೂ ಎಂಥ ಸಿಟ್ಟು! ಆ ಮಾತನ್ನು ಅವಳೂ ಒಮ್ಮೆ ಹೇಳಿದ್ದಳು.

ಮದುವೆಯಾದ ಎರಡನೆಯ ವರ್ಷ. ವಿಜಯಪುರದ ಮನೆಯಲ್ಲಿ ಬಸುರಿ ನಾದಿನಿಯ ಕುಬಸದ ಊಟ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿಯ ಕಟ್ಟಿನ ಸಾರು ಹೊತ್ತುಗಟ್ಟಲೆ ಕೂತಿತ್ತು. ಸಂಜೆಗೆ ಮನೆತುಂಬ ವಾಂತಿ, ಬಸುರಿಯೂ ಸೇರಿ ಹದಿನಾಲ್ಕು ಜನ ಆಸ್ಪತ್ರೆ ಸೇರಿದರು. ಗಟ್ಟಿಯಾಗಿದ್ದವಳು ಹೊಸ ಸೊಸೆ ಒಬ್ಬಳೇ. ಅತ್ತೆ ಹಾಸಿಗೆಯ ಮೇಲಿಂದಲೇ ಕೇಳಿದ್ದರು: "ನಿನಗ್ಯಾಕ ಏನೂ ಆಗ್ಲಿಲ್ಲ?" ಸಾರು ಉಳಿದಿರಲಿಲ್ಲ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ ಎಂದಳು. ಯಾರೂ ನಂಬಲಿಲ್ಲ. ಕಲಾಯಿಯವನು ಬಂದು ಪಾತ್ರೆ ನೋಡಿ ಹೇಳುವತನಕ, ಒಂದು ತಿಂಗಳು, ಅವಳು ಮುಟ್ಟಿದ ನೀರನ್ನೂ ಆ ಮನೆಯಲ್ಲಿ ಯಾರೂ ಕುಡಿಯಲಿಲ್ಲ.

ಒಬ್ಬನಿಗೆ ಮಾತ್ರ ನಿಜ ಗೊತ್ತಿತ್ತು. ಪಾತ್ರೆ ಓರೆ ಮಾಡಿ ಕೊನೆಯ ಸೌಟನ್ನು ತನ್ನ ತಾಟಿಗೆ ಬಗ್ಗಿಸಿಕೊಂಡವನು ಜಗದೇವಪ್ಪ. ತಾಯಿಯ ಮುಂದೆ ಅವನು ಬಾಯಿ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ. ಅವಳೂ ಕೇಳಲಿಲ್ಲ. ಸಂಸಾರವೆಂದರೆ ಹೀಗೆ ಕೇಳದೆ ಬಿಟ್ಟ ಮಾತುಗಳ ಗಂಟು.

ಹ್ಯಾರೋದ ಕನ್ನಡ ಕೂಟದವರು ಆ ವರ್ಷ ಯುಗಾದಿಯನ್ನೂ ಮಹಿಳಾ ದಿನವನ್ನೂ ಒಂದೇ ಭಾನುವಾರ ಇಟ್ಟುಕೊಂಡಿದ್ದರು. ಬೇರೆ ದಿನ ಬಫೆ, ಯುಗಾದಿಗೆ ಮಾತ್ರ ಸಾಲು ಟೇಬಲ್ ಹಾಕಿ ಬಾಳೆಲೆಯ ಪಂಕ್ತಿಯೇ ಆಗಬೇಕು. ಮೊದಲ ಪಂಕ್ತಿ ಗಂಡಸರದು, ಮಕ್ಕಳದು. ಎರಡನೆಯದು ಬಡಿಸಿ ದಣಿದ ಹೆಂಗಸರದು. ಹೀಗೆಂದು ಯಾವ ನಿಯಮವೂ ಇಲ್ಲ, ಇಪ್ಪತ್ತು ವರ್ಷದಿಂದ ತಪ್ಪಿಯೂ ಇಲ್ಲ. ನೂರೈವತ್ತು ಜನದ ಅಡುಗೆಗೆ ಹಿರಿಯಾಳು ಭುವನೇಶ್ವರಿ. ವಿನಿಫ್ರೆಡ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಲು ಅವಳು ಅವಕಾಶ ಕೇಳಿದಳು. ಕಾರ್ಯದರ್ಶಿ ಶೇಷಾದ್ರಿ ಸ್ಟ್ಯಾನ್ಮೋರ್‌ನಿಂದ ಫೋನ್ ಮಾಡಿದರು. ಮೈಸೂರಿನ ವೈದ್ಯರು, ಒಳ್ಳೆಯ ಮನುಷ್ಯರೇ. ಯಾರಿಗೂ ಇಲ್ಲ ಎನ್ನುವುದಿಲ್ಲ, ಬೇರೆ ಏನನ್ನೋ ಮಾಡಿಸುತ್ತಾರೆ.

"ಮೇಡಂ, ಹಬ್ಬದ ದಿನ ವಿಷ, ಕೊಲೆ, ಗಲ್ಲು ಅಂತೆಲ್ಲ ಬೇಡ ಅನ್ಸತ್ತೆ. ಸಿರಿಧಾನ್ಯದ ತಿಂಡಿಗಳ ಬಗ್ಗೆ ಮಾತಾಡಿಬಿಡಿ. ಲೇಡೀಸ್‌ಗೂ ಇಷ್ಟ ಆಗತ್ತೆ."

"ಮಹಿಳಾ ದಿನಕ್ಕ ಮಹಿಳೆ ಕಥಿ ಬ್ಯಾಡಂದ್ರ ಮತ್ತ್ಯಾರ ಕಥಿ ಹೇಳೂಣ್ರಿ ಡಾಕ್ಟರ್ರ?"

"ಹಾಗಲ್ಲ, ಹಾಗಲ್ಲ... ಊಟ ಆದ್ಮೇಲೆ ಇಟ್ಕೊಳ್ಳೋಣ ಬಿಡಿ. ಆಗ ಎಲ್ಲರೂ ಆರಾಮಾಗಿ ಇರ್ತಾರೆ."

ಊಟವಾದ ಮೇಲೆ ಹಾಲ್‌ನಲ್ಲಿ ಉಳಿಯುವವರು ಯಾರು? ಮಡಚುವ ಕುರ್ಚಿಗಳು. ಜಗದೇವಪ್ಪ ಪೇಪರಿನಿಂದ ತಲೆ ಎತ್ತಿ, "ಬಿಡು ಭುವನಾ, ಆಗೋದೆಲ್ಲಾ ಆಗಿಹೋಗೇತಿ. ಯಾಕ ಸುಮ್ನ ಕೆದರತಿ?" ಎಂದ. ಯಾವುದು ಆಗಿಹೋಗಿದೆ, ಯಾರದು ಆಗಿಹೋಗಿದೆ ಎಂದು ಅವನು ಹೇಳಲಿಲ್ಲ. ಈ ಮಾತನ್ನು ತುಂಬಿದ ಸಭೆಯಲ್ಲಿ ಹೇಳಲೇಬೇಕು, ನಂಬಿಸಲೇಬೇಕು, ಇಲ್ಲವಾದರೆ ತಾನೂ ವಿನಿಫ್ರೆಡ್‌ಳಂತೆ ಯಾರೂ ನಂಬದೆಯೇ ಸಾಯಬೇಕು ಎಂದು ಅವಳಿಗೆ ಅವತ್ತು ನಿಶ್ಚಯವಾಯಿತು.

ಭಾನುವಾರ ಹನ್ನೆರಡೂವರೆಗೆ ಹಾಲ್ ತುಂಬ ಹೋಳಿಗೆಯ ಘಮ. ಭಾಷಣಗಳು, ಸನ್ಮಾನ, ಒಂದು ನೃತ್ಯ ಮುಗಿದವು. ಶೇಷಾದ್ರಿಯವರು ಮೈಕಿನಲ್ಲಿ "ಈಗ ಎಲ್ಲರೂ ಊಟಕ್ಕೆ..." ಎನ್ನುವಷ್ಟರಲ್ಲಿ ಭುವನೇಶ್ವರಿ ಏಪ್ರನ್ ಕಟ್ಟಿಕೊಂಡೇ ವೇದಿಕೆ ಹತ್ತಿದಳು.

"ಅಡಗಿ ಮಾಡಿದಾಕಿ ನಾನು," ಎಂದಳು. "ನನ್ನ ಮಾತು ಮುಗಿಯೂತನಕ ಹೋಳಿಗಿ ಪಾತ್ರಿ ಮುಚ್ಚಳ ತೆಗಿಯೂದಿಲ್ಲ. ಇಪ್ಪತ್ತು ನಿಮಿಷ. ಕೂಡ್ರಿ."

ಕೂತರು. ಹೊಟ್ಟೆ ಹಸಿದಾಗ ಪ್ರಜಾಪ್ರಭುತ್ವ ನಡೆಯುವುದಿಲ್ಲ. ಶೇಷಾದ್ರಿಯವರು ಅಡುಗೆಮನೆಯ ಬಾಗಿಲಲ್ಲಿದ್ದ ತಮ್ಮ ಹೆಂಡತಿ ನೀರಜಾರ ಕಡೆ ಸಹಾಯಕ್ಕಾಗಿ ನೋಡಿದರು. ನೀರಜಾ ಕೈ ಒರೆಸಿಕೊಂಡು, ಒಂದು ಕುರ್ಚಿ ಎಳೆದುಕೊಂಡು, ಆ ಬಾಗಿಲಿಗೆ ಅಡ್ಡವಾಗಿಯೇ ಕೂತರು.

ಭುವನೇಶ್ವರಿ ಚೀಟಿ ನೋಡದೆ ಹೇಳಿದಳು. ಕೂದಲು, ಉಂಗುರ, ಕುಣಿತ, ಮೊಲದ ಸಾರು. "ಆಗ ಮೂವತ್ತು ತುಂಬದ ಹೆಣ್ಮಕ್ಕಳಿಗೆ ಇಲ್ಲಿ ವೋಟ್ ಇರಲಿಲ್ರಿ. ವೋಟ್ ಹಾಕಾಕ ಬುದ್ಧಿ ಸಾಲದು, ಗಲ್ಲಿಗೆ ಹಾಕಾಕ ವಯಸ್ಸು ಸಾಕು! ಜ್ಯೂರಿಯೊಳಗ ಇಬ್ಬರು ಹೆಣ್ಮಕ್ಕಳಿದ್ರು. ಆಸ್ತಿ ಇದ್ದವರು. ಮನಿಯಾಗ ಅಡಗಿಯಾಕಿ ಇದ್ದವರಿಗೆ ಪಾತ್ರಿ ತಳ ಏನು ಗೊತ್ತು?" ಆಮೇಲೆ ವಕೀಲರ ಪ್ರಶ್ನೆ ಹೇಳಿ, ವಿನಿಫ್ರೆಡ್‌ಳ ಉತ್ತರ ಹೇಳಿದಳು. ಏನೂ ಉಳಿದಿರಲಿಲ್ಲ, ಸ್ವಾಮಿ.

ಹಾಲ್‌ನ ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ನೂರು ವರ್ಷದ ಹಿಂದೆ ಆ ನ್ಯಾಯಾಲಯ ನಕ್ಕ ನಗುವಲ್ಲ ಅದು. ಗಂಡಸರು ಅಕ್ಕಪಕ್ಕ ನೋಡಿದರು, ನಗು ಯಾಕೆಂದು ಅವರಿಗೆ ಹತ್ತಲಿಲ್ಲ.

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಅಂದ್ರೆ ಅವಳು ಕೊಲೆ ಮಾಡ್ಲಿಲ್ಲ ಅಂತೀರಾ?"

"ಅದು ನನಗ ಗೊತ್ತಿಲ್ರಿ. ಮಾಡಿರಬಹುದು, ಮಾಡದನೂ ಇರಬಹುದು. ಆದ್ರ ಆಕಿ ಹೇಳಿದ ಈ ಒಂದ್ ಮಾತು ಸುಳ್ಳಲ್ಲ. ಅದರ ಮ್ಯಾಲೇ ಆಕೀನ್ನ ಮುಗಿಸಿದ್ರು. ಹೆಂಗ ಗೊತ್ತಂದ್ರ, ಈ ಮಾತು ನಾನೂ ಹೇಳೀನಿ." ನಂತರ ಕುಬಸದ ಊಟದ ಕಥೆಯನ್ನೂ ಹೇಳಿದಳು. ಅತ್ತೆಯ ಪ್ರಶ್ನೆ, ಒಂದು ತಿಂಗಳು ಯಾರೂ ಮುಟ್ಟದ ನೀರು, ಎಲ್ಲ. ಕೊನೆಯ ಸೌಟು ಯಾರ ತಾಟಿಗೆ ಬಿತ್ತೆಂಬುದನ್ನು ಮಾತ್ರ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೂರನೆಯ ಸಾಲಿನಲ್ಲಿದ್ದ ಜಗದೇವಪ್ಪ ತನ್ನ ಬೂಟಿನ ದಾರ ಬಿಚ್ಚಿ ಕಟ್ಟತೊಡಗಿದ.

"ಇನ್ನ ಊಟ," ಎಂದಳು ಭುವನೇಶ್ವರಿ. "ಇವತ್ತ ಮೊದಲನೇ ಪಂಕ್ತಿ ಹೆಣ್ಮಕ್ಕಳದು. ಗಂಡಸರು ಬಡಸ್ರಿ."

ಯಾರಾದರೂ ಎದ್ದು ಬೇಡ ಎನ್ನುತ್ತಾರೆಂದು ಅವಳು ಕಾದಳು. ಎದ್ದವರು ನೀರಜಾ. "ಬನ್ನಿ ಬನ್ನಿ, ಕೂತ್ಕೊಳ್ಳಿ. ರೀ, ನೀವು ಕೋಸಂಬರಿ ಹಿಡೀರಿ," ಎಂದು ಗಂಡನ ಕೈಗೆ ಬಕೆಟ್ಟು ಕೊಟ್ಟರು. ತನ್ಮಯಿ ಓಡಿಬಂದು ಅವ್ವನ ಪಕ್ಕದ ಎಲೆಯ ಮುಂದೆ ಕೂತಳು. "ಮಮ್ಮೀ, ಯು ವರ್ ಅಮೇಜಿಂಗ್. ಅಜ್ಜಿ ರಿಯಲಿ ಸೆಡ್ ದಟ್?" ಎಂದು ಕೇಳಿದಳು. ಭುವನೇಶ್ವರಿ ಉಣ್ಣು ಎಂದಳು.

ಗಂಡಸರು ಬಡಿಸಿದ್ದು ನೋಡಬೇಕಿತ್ತು. ಉಪ್ಪಿನಕಾಯಿ ಪಾಯಸದ ಜಾಗಕ್ಕೆ, ಪಲ್ಯ ಎಲೆಯಾಚೆಗೆ. ಆದರೆ ಮೊದಲ ಪಂಕ್ತಿಗೆ ಬಡಿಸುವ ಕೈ ಯಾರದಾದರೂ ಉದಾರವೇ. ಎರಡು ಎಂದು ಲೆಕ್ಕ ಹಾಕಿ ಮಾಡಿದ್ದ ಹೋಳಿಗೆ ಮೂರಾಯಿತು, ಕೆಲವರಿಗೆ ನಾಲ್ಕಾಯಿತು. ಭುವನೇಶ್ವರಿ ಕೂತಲ್ಲಿಂದಲೇ ಸೌಟು ತಳಕ್ಕೆ ತಾಗುವ ಸದ್ದು ಕೇಳಿದಳು. ಏಳಲಿಲ್ಲ. ಬಿಸಿ ಹೋಳಿಗೆಗೆ ತುಪ್ಪ ಸುರಿದುಕೊಂಡು ನಿಧಾನವಾಗಿ ತಿಂದಳು. ಬಿಸಿಯಿದ್ದಾಗ ಅದರ ರುಚಿಯೇ ಬೇರೆ, ಇದು ಅವಳಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಎರಡನೆಯ ಪಂಕ್ತಿಗೆ ಅನ್ನ, ಸಾರು ಧಾರಾಳವಾಗಿತ್ತು. ಬಡಿಸಿ ಬಡಿಸಿ ಬೆವೆತಿದ್ದ ಜಗದೇವಪ್ಪ ಕೊನೆಗೆ ಖಾಲಿ ತಾಟು ಹಿಡಿದು ಅಡುಗೆಮನೆಗೆ ಬಂದ. ದೊಡ್ಡ ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ನೋಡಿದ.

"ಹೋಳಿಗಿ ಒಂದೂ ಇಲ್ಲೇನು?"

"ಇಲ್ರಿ. ಏನೂ ಉಳೀಲಿಲ್ಲ." ಅವಳು ಕೈ ಒರೆಸಿಕೊಂಡು ಅವನ ಮುಖವನ್ನೇ ನೋಡಿದಳು. "ನಂಬ್ತೀರಿಲ್ಲೋ?"

ಪಾತ್ರೆ ತೊಳೆಯುತ್ತಿದ್ದ ನೀರಜಾ ನಲ್ಲಿ ನಿಲ್ಲಿಸಿದರು. ಜಗದೇವಪ್ಪನ ಕೈಯಲ್ಲಿ ಮುಚ್ಚಳ ಹಾಗೇ ಇತ್ತು.

"ಅವತ್ತ..." ಎಂದ. ಮುಚ್ಚಳವನ್ನು ಕೆಳಗಿಟ್ಟ. ಸುತ್ತ ನಿಂತ ಹೆಂಗಸರಿಗೆಲ್ಲ ಕೇಳುವಂತೆಯೇ ಹೇಳಿದ: "ಅವತ್ತ ಕಡೀ ಸೌಟು ನಾನ ಹಾಕ್ಕೊಂಡಿದ್ದೆ. ನೀ ಖರೇನ ಹೇಳಾಕತ್ತೀದಿ ಅಂತ ನನಗ ಗೊತ್ತಿತ್ತು."

"ನಿಮಗ ಗೊತ್ತಿತ್ತು ಅಂತ ನನಗೂ ಗೊತ್ತಿತ್ರಿ," ಎಂದಳು ಭುವನೇಶ್ವರಿ. ಏಪ್ರನ್ ಬಿಚ್ಚಿ ಅವನ ಕುತ್ತಿಗೆಗೆ ಹಾಕಿದಳು. "ಪಾತ್ರಿ ತೊಳೀರಿ. ತಳ ಬರೋಬ್ಬರಿ ತಿಕ್ಕರಿ."