ಮೂವರಿಗೆ ಎರಡೇ ನೆರಳು

ಇದು ಕಟ್ಟುಕಥೆಯಲ್ಲ. ಯಾರಾದರೂ ದೆವ್ವ ಗಿವ್ವ ಅಂತ ಶುರು ಮಾಡಿದರೆ ಮೊದಲು ನಗುತ್ತಿದ್ದವನೇ ನಾನು. ಹುಮನಾಬಾದಿನಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ದಿನವಿಡೀ ಕಿಡಿ ಹಾರಿಸುವವನಿಗೆ ಬೆಳಕಿನ ಭಯವೆಲ್ಲಿಯದು?

ಅವತ್ತು ಮಗಳು ಸುಜಾತಾಳನ್ನು ಬಸವಕಲ್ಯಾಣದ ಆಸ್ಪತ್ರೆಯಿಂದ ಮನೆಗೆ ಕರೆತರುತ್ತಿದ್ದೆ. ಅಜ್ಜಿಯ ಊರು ನಾರಾಯಣಪುರಕ್ಕೆ ಹೋದವಳು ಅಲ್ಲೇ ಡೆಂಗಿ ಹಿಡಿದು ಮಲಗಿದ್ದಳು. ಸತ್ತು ಬದುಕಿದ ಹುಡುಗಿ. ಒಂಬತ್ತನೇ ಕ್ಲಾಸು, ಎತ್ತರ ಅವ್ವನಷ್ಟೇ.

ಒಂದೇ ಬೈಕಿನ ಮೇಲೆ ನಾನು, ಹೆಂಡತಿ, ಮಗಳು ಮೂವರೂ ಹೊರಟಿದ್ದೆವು. ಹೊತ್ತು ಮುಳುಗಿತ್ತು.

"ಅಪ್ಪಾ, ನಿಂದರ್ಸು... ವಾಂತಿ ಬರಾಕತ್ತದ."

ತೊಗರಿ ಹೊಲದ ಪಕ್ಕ ನಿಲ್ಲಿಸಿ ಲೈಟ್ ಆರಿಸಿದೆ. ಮಗಳು ಬಾಯಿ ತೊಳೆದುಕೊಂಡು ನಮ್ಮ ಪಕ್ಕ ಬಂದು ನಿಂತಳು. ಸುತ್ತಲೂ ಜೀರುಂಡೆಗಳ ಸದ್ದು...

ಅದು ಥಟ್ಟನೆ ನಿಂತಿತು.

ತಲೆಯೆತ್ತಿದರೆ ಬೆಂಕಿಯ ಉಂಡೆ! ಬಾಲ ಎಳೆದುಕೊಂಡು ಹುಮನಾಬಾದಿನ ಕಡೆ ಓಡುತ್ತಿತ್ತು. ಮೊದಲು ಹಸಿರು, ಆಮೇಲೆ ಬೆಳ್ಳಗೆ. ಸದ್ದೇ ಇಲ್ಲ. ಕಣ್ಣು ಕುಕ್ಕಿತು. ಕಸುಬಿನ ಅಭ್ಯಾಸ, ತಟಕ್ಕನೆ ಮುಖ ತಿರುಗಿಸಿದೆ. ಹೊಲದ ಮೇಲೆ ನಮ್ಮ ನೆರಳುಗಳು ಉದ್ದಕ್ಕೆ ಚಾಚಿ, ಬೆಳಕಿನ ಜೊತೆ ಸರಸರನೆ ಸರಿಯುತ್ತಿದ್ದವು.

ಎರಡೇ.

ಮೂವರು ಸಾಲಾಗಿ ನಿಂತಿದ್ದೆವು... ನೆರಳು ಎರಡೇ.

ಮರುಕ್ಷಣ ಕತ್ತಲೆ. ಕಬ್ಬಿಣ ಸುಟ್ಟಂಥ ವಾಸನೆ. ಸ್ವಲ್ಪ ಹೊತ್ತಾದ ಮೇಲೆ ದೂರದಲ್ಲಿ ಗುಡುಗಿದಂತಾಗಿ ಕಾಲ ಕೆಳಗಿನ ನೆಲ ಅದುರಿತು.

ಹೆಂಡತಿ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ರೀ... ನೋಡಿದ್ರಿಲ್ಲ? ಹುಡುಗಿ ನೆರಳು ಇರಲಿಲ್ರೀ..."

"ಸುಮ್ನಿರು. ಗಾಡಿ ಹತ್ತು."

ಹಾಗಂದೆನೇ ಹೊರತು, ಕೀಲಿ ತಿರುಗಿಸುವ ಮೊದಲು ಮಗಳ ಕೈ ಮುಟ್ಟಿ ನೋಡಿದೆ.

ಮರುದಿನ ಊರೆಲ್ಲ ಅದೇ ಮಾತು. ಚಿಟಗುಪ್ಪದವರೂ ನೋಡಿದ್ದರಂತೆ. ಉಲ್ಕೆ ಎಂದರು. ಉಲ್ಕೆಯೇ ಇರಬಹುದು. ನೆರಳಿನ ವಿಷಯ ನಾವು ಯಾರೆದುರೂ ಬಾಯಿ ಬಿಡಲಿಲ್ಲ.

ಅಂದಿನಿಂದ ದಿನಾ ಸಂಜೆ ಹೆಂಡತಿ ಮಗಳನ್ನು ಅಂಗಳದ ಬಲ್ಬಿನ ಕೆಳಗೆ ನಿಲ್ಲಿಸಿ ನೆಲ ನೋಡುತ್ತಾಳೆ. ನೆರಳು ಕಂಡ ಮೇಲೆಯೇ ಅವಳಿಗೆ ಉಸಿರು. ರಾತ್ರಿ ಮಗಳು ಕೆಮ್ಮಿದರೆ ನಾನು ಎದ್ದು ಕೂರುತ್ತೇನೆ. ಈ ಸಲ ಕಳೆದುಕೊಂಡುಬಿಡುತ್ತೇವೆ ಎಂಬ ಹೆದರಿಕೆ.

ಮೊನ್ನೆ ಮಗಳೇ ಅಂಗಡಿಗೆ ಊಟದ ಡಬ್ಬಿ ತಂದಳು. ಕೊಟ್ಟ ಮೇಲೂ ಹೋಗದೆ ನಿಂತೇ ಇದ್ದಳು.

"ಅಪ್ಪಾ, ಅವ್ವ ಸುಮ್ನ ನನ್ನ ಕಾಡಾಕತ್ಯಾಳ. ಅವತ್ತು ನನ್ನ ದುಪಟ್ಟಾ ಗಾಳಿಗೆ ಹಾರಾಕತ್ತಿತ್ತು. ನೆರಳಿನೊಳಗೂ ಹಾರೋದು ನೋಡೀನಿ. ಅವ್ವಂದೂ ಇತ್ತು..."

ಆಮೇಲೆ ನನ್ನ ಮುಖ ನೋಡದೆ ಮೆಲ್ಲಗೆ ಅಂದಳು.

"ನಿಂದೇ ಇರಲಿಲ್ಲಪ್ಪಾ."

ಹೆಂಡತಿಗೆ ಇದನ್ನು ಇನ್ನೂ ಹೇಳಿಲ್ಲ. ನಿಜ ಹೇಳುತ್ತೇನೆ, ಆ ಮಾತು ಕೇಳಿದಾಗ ಮೊದಲು ಆದದ್ದು ಸಮಾಧಾನ... ಮಗಳದ್ದಲ್ಲವಲ್ಲ ಅಂತ. ಭಯ ಆಮೇಲೆ ಬಂತು. ಇನ್ನೂ ಹೋಗಿಲ್ಲ.